ವಯಸ್ಸಾಯ್ತು, ಮಲಗಲಿ ಬಿಡಿ

ನಾಯಿ ಸಾಕಿದವರು ಇಬ್ಬರು ಸೇರಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ನಿಮ್ಮದು ದಿನಕ್ಕೆ ಎಷ್ಟು ಗಂಟೆ ಮಲಗುತ್ತೆ?" ತಮ್ಮ ನಾಯಿ ಜಾಸ್ತಿ ಮಲಗುತ್ತಿದೆಯೋ, ಕಮ್ಮಿ ಮಲಗುತ್ತಿದೆಯೋ ಅನ್ನುವ ಅನುಮಾನ ಆ ಪ್ರಶ್ನೆಯ ಹಿಂದೆ ಇರುತ್ತದೆ. ಲೆಕ್ಕ ಬೇಕೆಂದರೆ ಇದೆ. ಬೆಳೆದ ನಾಯಿ 24 ಗಂಟೆಯಲ್ಲಿ ಸುಮಾರು 12ರಿಂದ 14 ಗಂಟೆ ನಿದ್ದೆ ಮಾಡುತ್ತದೆ. ಮರಿಗಳಿಗೆ 18ರಿಂದ 20 ಗಂಟೆ ಬೇಕು. ಮುದಿ ನಾಯಿಗಳು ಹಗಲು ಹೊತ್ತಿನಲ್ಲಿ ಇನ್ನಷ್ಟು ಮಲಗುತ್ತವೆ. ಇಷ್ಟು ತಿಳಿದುಕೊಂಡು ನಿಮ್ಮ ನಾಯಿಯ ಕಡೆ ತಿರುಗಿ ನೋಡಿ. ಅದರ ಬಗ್ಗೆ ಹೊಸದಾಗಿ ಏನಾದರೂ ಗೊತ್ತಾಯಿತಾ? ಬಹುಶಃ ಇಲ್ಲ.

ಗಂಟೆ ಎಣಿಸುವುದಕ್ಕಿಂತ ಬೇರೆ ಕೆಲವು ವಿಷಯ ನೋಡಿದರೆ ಹೆಚ್ಚು ಗೊತ್ತಾಗುತ್ತದೆ. ಹೋದ ವರ್ಷ ಎಲ್ಲಿ ಮಲಗುತ್ತಿತ್ತು, ಈಗ ಎಲ್ಲಿ ಮಲಗುತ್ತಿದೆ? ಮಲಗುವ ಮುಂಚೆ ಎಷ್ಟು ಸುತ್ತು ಹಾಕುತ್ತದೆ? ಬಾಗಿಲ ಸದ್ದಿಗೆ ಏಳುತ್ತದಾ? ಎದ್ದ ಮೇಲೆ ಮೊದಲ ನಾಲ್ಕು ಹೆಜ್ಜೆ ಹೇಗಿಡುತ್ತದೆ? ಪಕ್ಕದ ಮನೆಯ ನಾಯಿಯ ಜೊತೆ ಹೋಲಿಸಿ ಪ್ರಯೋಜನವಿಲ್ಲ. ಅದೇ ನಾಯಿಯ ನಿನ್ನೆ ಮತ್ತು ಇವತ್ತನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಹಾಗೆ ನೋಡಿ ಏನೋ ಬದಲಾಗಿದೆ ಅಂತ ಹೇಳಿದರೆ, ಎಲ್ಲರ ಬಾಯಲ್ಲೂ ಒಂದು ಉತ್ತರ ಸಿದ್ಧವಾಗಿರುತ್ತದೆ. "ವಯಸ್ಸಾಯ್ತು, ಮಲಗಲಿ ಬಿಡಿ." ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೆ ವಯಸ್ಸು ಒಂದು ಕಾಯಿಲೆಯಲ್ಲ. ವಯಸ್ಸಿನ ಜೊತೆ ಬರುವ ಕಾಯಿಲೆಗಳಿಗೆ ಒಂದೊಂದಕ್ಕೂ ಹೆಸರಿದೆ, ಪರೀಕ್ಷೆ ಇದೆ, ಬಹಳಷ್ಟಕ್ಕೆ ಔಷಧಿಯೂ ಇದೆ. "ವಯಸ್ಸಾಯ್ತು" ಅಂದ ಕೂಡಲೇ ಹುಡುಕುವುದು ನಿಂತುಹೋಗುತ್ತದೆ.

ಮೊದಲು ನಾಯಿಯ ನಿದ್ದೆ ಹೇಗಿರುತ್ತದೆ ಅಂತ ಸ್ವಲ್ಪ ನೋಡೋಣ. ನಾವು ರಾತ್ರಿ ಒಂದೇ ಸಲಕ್ಕೆ ನಿದ್ದೆ ಮುಗಿಸುತ್ತೇವೆ, ಅಥವಾ ಮುಗಿಸಬೇಕು ಅಂದುಕೊಳ್ಳುತ್ತೇವೆ. ನಾಯಿ ತುಂಡು ತುಂಡಾಗಿ ಮಲಗುತ್ತದೆ. ರಾತ್ರಿ ಹೊತ್ತು ನಾಯಿಗಳನ್ನು ಗಮನಿಸಿ 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸರಾಸರಿ ಲೆಕ್ಕ ಹೀಗೆ ಬಂತು: 16 ನಿಮಿಷ ನಿದ್ದೆ, 5 ನಿಮಿಷ ಎಚ್ಚರ, ಮತ್ತೆ ನಿದ್ದೆ. ವಿದ್ಯಾರ್ಥಿಗೆ ಶ್ವಾನನಿದ್ರೆ ಇರಬೇಕು ಅಂತ ಹಳೇ ಸುಭಾಷಿತ ಹೇಳುತ್ತದಲ್ಲ, ಅದನ್ನು ಬರೆದವರು ನಾಯಿಯನ್ನು ಸರಿಯಾಗಿಯೇ ನೋಡಿದ್ದರು. (ಪರೀಕ್ಷೆಗೆ ಓದುವ ಮಕ್ಕಳಿಗೆ ಅದು ಒಳ್ಳೆಯ ಸಲಹೆಯಾ ಅನ್ನುವುದು ಬೇರೆ ಮಾತು.) ಹಾಗಾಗಿ ರಾತ್ರಿ ನಾಯಿ ಎಚ್ಚರವಾಯಿತು ಅಂದ ಮಾತ್ರಕ್ಕೆ ಗಾಬರಿ ಬೇಡ. ತಲೆ ಎತ್ತಿ ಸುತ್ತ ನೋಡಿ, ನಿಟ್ಟುಸಿರು ಬಿಟ್ಟು ಮತ್ತೆ ಮಲಗಿದರೆ ಎಲ್ಲಾ ಸರಿಯಿದೆ. ಎದ್ದು, ಓಡಾಡಿ, ಜಾಗ ಬದಲಿಸಿ, ಮತ್ತೆ ಎದ್ದು, ಏದುಸಿರು ಬಿಡುತ್ತಾ ನಿಂತಿದ್ದರೆ ಅದು ಬೇರೆಯೇ ಕಥೆ.

ನಿದ್ದೆಯೊಳಗೆ ನಮ್ಮ ಹಾಗೇ ನಾಯಿಗೂ ಎರಡು ಬಗೆ ಇದೆ. ಒಂದು ಗಾಢ ನಿದ್ದೆ. ಇನ್ನೊಂದು ರೆಮ್ ನಿದ್ದೆ, ಅಂದರೆ ಮುಚ್ಚಿದ ರೆಪ್ಪೆಯ ಹಿಂದೆ ಕಣ್ಣುಗುಡ್ಡೆ ಓಡಾಡುವ, ಕಾಲು ಅದುರುವ, ಸಣ್ಣಗೆ ಬೊಗಳುವ ಕನಸಿನ ನಿದ್ದೆ. ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಓಟ್ವೋಶ್ ಲೊರಾಂಡ್ ವಿಶ್ವವಿದ್ಯಾಲಯವಿದೆ. ಅಲ್ಲಿನ ಸಂಶೋಧಕರು ನಾಯಿಯ ತಲೆಗೆ ಸಣ್ಣ ಎಲೆಕ್ಟ್ರೋಡ್ ಅಂಟಿಸಿ, ಶಸ್ತ್ರಚಿಕಿತ್ಸೆಯ ಗೊಡವೆಯೇ ಇಲ್ಲದೆ, ಮಾಲೀಕರ ಪಕ್ಕದಲ್ಲೇ ಮಲಗಿಸಿ ಮಿದುಳಿನ ಅಲೆಗಳನ್ನು ಅಳೆಯುತ್ತಾರೆ. 2017ರಲ್ಲಿ ಅವರು ಪ್ರಕಟಿಸಿದ ಒಂದು ಫಲಿತಾಂಶ ನನಗೆ ಬಹಳ ಮುಖ್ಯ ಅನಿಸಿತು. ಮಲಗುವ ಮುಂಚೆ ಒಂದು ಸಲ ನಾಯಿಗಳ ಜೊತೆ ಮುದ್ದಾಗಿ ಆಟವಾಡಿದರು. ಇನ್ನೊಂದು ಸಲ ಅವೇ ನಾಯಿಗಳನ್ನು ಒಂಟಿಯಾಗಿ ಕಟ್ಟಿ, ಕಿರಿಕಿರಿ ಆಗುವ ಹಾಗೆ ನಡೆದುಕೊಂಡರು. ಕಿರಿಕಿರಿ ಅನುಭವಿಸಿದ ದಿನವೇ ಅವು ಬೇಗ ನಿದ್ದೆಗೆ ಜಾರಿದವು. ಆದರೆ ಆ ದಿನ ಅವುಗಳಿಗೆ ರೆಮ್ ನಿದ್ದೆ ಜಾಸ್ತಿ ಆಯಿತು, ಗಾಢ ನಿದ್ದೆ ಸ್ವಲ್ಪ ಕಮ್ಮಿ ಆಯಿತು. ಅಂದರೆ ನಾಯಿ ತಟ್ಟನೆ ಮಲಗಿಬಿಟ್ಟಿತು ಅಂದರೆ ನೆಮ್ಮದಿಯಾಗಿದೆ ಅಂತ ಅರ್ಥ ಮಾಡಿಕೊಳ್ಳುವ ಹಾಗಿಲ್ಲ. ಹೊರಗಿನಿಂದ ನೋಡಿದರೆ ನೆಮ್ಮದಿಯ ನಿದ್ದೆ, ಕಿರಿಕಿರಿಯ ನಿದ್ದೆ ಎರಡೂ ಒಂದೇ ಥರ ಕಾಣುತ್ತವೆ.

ನೋವಿನ ವಿಷಯದಲ್ಲಿ ಈ ಮೋಸ ಇನ್ನೂ ಜಾಸ್ತಿ.

ನಮ್ಮ ಕೆಂಚಿಗೆ ಮೊದಲಿನಿಂದ ಸೋಫಾದ ಒಂದು ಮೂಲೆ ಅಂದರೆ ಪ್ರಾಣ. ಅಲ್ಲಿ ಬೇರೆ ಯಾರಾದರೂ ಕೂತರೆ ಎದುರಿಗೆ ನಿಂತು ದಿಟ್ಟಿಸುತ್ತಿದ್ದಳು. ಒಂಬತ್ತನೇ ವಯಸ್ಸಿನಲ್ಲಿ ಆ ಮೂಲೆ ಬಿಟ್ಟು ನೆಲದ ಮೇಲೆ ಮಲಗಲು ಶುರು ಮಾಡಿದಳು. ಮನೆಯಲ್ಲಿ ಎಲ್ಲರೂ ಸೆಕೆಗೆ ಅಂದರು. ಇರಬಹುದು. ಆದರೆ ಸೆಕೆಗೆ ಮಲಗುವ ನಾಯಿ ಕೈಕಾಲು ಚೆಲ್ಲಿ ಹೊಟ್ಟೆಯನ್ನು ನೆಲಕ್ಕೆ ತಾಗಿಸಿ ಮಲಗುತ್ತದೆ, ಇಲ್ಲವೇ ಅಂಗಾತ ಮಲಗುತ್ತದೆ. ಇವಳು ಹಾಗೆ ಮಾಡುತ್ತಿರಲಿಲ್ಲ. ಜಾಸ್ತಿ ಸುತ್ತು ಹಾಕುತ್ತಿದ್ದಳು, ಹಿಂಭಾಗವನ್ನು ನಿಧಾನಕ್ಕೆ ಇಳಿಸಿ, ಕೊನೆಯಲ್ಲಿ ದೊಪ್ಪಂತ ಬೀಳುತ್ತಿದ್ದಳು. ಏಳುವಾಗ ಮುಂಗಾಲು ಮೊದಲು ಊರಿ, ಹಿಂಗಾಲನ್ನು ಎಳೆದುಕೊಳ್ಳುತ್ತಿದ್ದಳು. ಮೊದಲ ಕೆಲವು ಹೆಜ್ಜೆ ಬಿಗಿ. ಹತ್ತು ನಿಮಿಷ ಓಡಾಡಿದ ಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ನಡೆಯುತ್ತಿದ್ದಳು. ಕುಂಟಲಿಲ್ಲ, ಒಂದು ಸಲವೂ ಕುಯ್ಯೋ ಅನ್ನಲಿಲ್ಲ.

ಇದು ಕೀಲುಸವೆತದ ಸಾಮಾನ್ಯ ಲಕ್ಷಣ. ಮೂಳೆಗಳ ತುದಿಯಲ್ಲಿ ಮೆತ್ತಗಿರುವ ಮೃದ್ವಸ್ಥಿ ಸವೆಯುತ್ತದೆ, ಕೀಲು ಊದಿಕೊಳ್ಳುತ್ತದೆ. ಒಂದೇ ಭಂಗಿಯಲ್ಲಿ ಮಲಗಿದರೆ ಕೀಲು ಬಿಗಿಯಾಗುತ್ತದೆ, ಆ ನೋವಿಗೆ ಎಚ್ಚರವಾಗುತ್ತದೆ. ಮಗ್ಗುಲು ಬದಲಿಸಿ ಮಲಗಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪಾಡು. ರಾತ್ರಿಯಿಡೀ ಹೀಗೆ ನಡೆಯುತ್ತದೆ, ನಾವು ಗೊರಕೆ ಹೊಡೆಯುತ್ತಿರುತ್ತೇವೆ. ರಾತ್ರಿ ಕೆಟ್ಟ ನಿದ್ದೆಯನ್ನು ನಾಯಿ ಹಗಲು ತೀರಿಸಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಆ ಹಗಲಿನ ನಿದ್ದೆ ಮಾತ್ರ. ಅದನ್ನು ನೋಡಿ ಸೋಮಾರಿ ಅನ್ನುತ್ತೇವೆ. ನಿಜವಾಗಿ ಅದು ನಿದ್ದೆಗೆಟ್ಟ ನಾಯಿ.

ನೋವಾದರೆ ನಾಯಿ ಅರಚುತ್ತದೆ ಅನ್ನುವ ನಂಬಿಕೆಯೇ ಇದಕ್ಕೆಲ್ಲ ಮೂಲ. ಕಾಲು ತುಳಿದರೆ ಅರಚುತ್ತದೆ, ನಿಜ. ತಿಂಗಳುಗಟ್ಟಲೆ ಇರುವ ನೋವಿಗೆ ಅದು ತನ್ನ ದಿನಚರಿ ಬದಲಿಸಿಕೊಳ್ಳುತ್ತದೆ, ಅಷ್ಟೇ. ಹಾರುವುದು ಬಿಡುತ್ತದೆ. ಮೆಟ್ಟಿಲ ಹತ್ತಿರ ನಿಂತು ಯೋಚಿಸುತ್ತದೆ. ಮಲಗಿದ್ದಾಗ ಮಕ್ಕಳು ಹತ್ತಿರ ಬಂದರೆ ಗುರ್ ಅನ್ನುತ್ತದೆ. ಮಲಗುವ ಜಾಗ ಬದಲಿಸುತ್ತದೆ.

ನಮ್ಮ ವೆಟ್ ಡಾಕ್ಟರ್ ಕೇಳಿದ ಮೊದಲ ಮಾತು, "ಏಳುವಾಗ ಹೇಗೆ ಏಳ್ತಾಳೆ ಅಂತ ವಿಡಿಯೋ ಇದ್ಯಾ?" ಇತ್ತು. ಕ್ಲಿನಿಕ್ಕಿನಲ್ಲಿ ಭಯಕ್ಕೆ ಮೈ ಬಿಗಿ ಹಿಡಿದು ನಿಲ್ಲುವ ನಾಯಿ ತನ್ನ ನಿಜವಾದ ನಡಿಗೆ ತೋರಿಸುವುದಿಲ್ಲ. ಮನೆಯ ಅರ್ಧ ನಿಮಿಷದ ವಿಡಿಯೋ ಅಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಕೀಲು ಮಡಚಿ ನೋಡಿದರು, ಎಕ್ಸ್‌ರೇ ತೆಗೆದರು, ಸೊಂಟದ ಕೀಲು ಸವೆದಿದೆ ಅಂದರು. ಚಿಕಿತ್ಸೆಯಲ್ಲಿ ಮೊದಲನೆಯದು ತೂಕ ಇಳಿಸುವುದು. ಕೇಳಲು ಸಪ್ಪೆ ಅನಿಸಿದರೂ ಅದರಷ್ಟು ಕೆಲಸ ಮಾಡುವುದು ಕಮ್ಮಿ. ಆಮೇಲೆ ನಾಯಿಗಳಿಗೆಂದೇ ಇರುವ ನೋವಿನ ಮಾತ್ರೆ. ಈಗ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಕೂಡ ಇದೆ. ಬೆಡಿನ್ವೆಟ್‌ಮ್ಯಾಬ್ ಅಂತ ಅದರ ಹೆಸರು, ನೋವಿನ ಸಂದೇಶ ಹೆಚ್ಚಿಸುವ ಒಂದು ಪ್ರೋಟೀನನ್ನು ಅದು ತಡೆಯುತ್ತದೆ. ಯುರೋಪಿನಲ್ಲಿ 2020ರಲ್ಲಿ, ಅಮೆರಿಕದಲ್ಲಿ 2023ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಯಾವ ನಾಯಿಗೆ ಯಾವುದು ಅನ್ನುವುದು ಡಾಕ್ಟರ್ ತೀರ್ಮಾನ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಿಮ್ಮ ಮಾತ್ರೆ ಡಬ್ಬಿಯ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಯಾವುದನ್ನೂ ನಾಯಿಗೆ ಸ್ವಂತ ಬುದ್ಧಿಯಿಂದ ಕೊಡಬೇಡಿ. ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿ, ಲಿವರ್ ಎಲ್ಲಕ್ಕೂ ಅಪಾಯ.

ಇದರ ಜೊತೆ ಮನೆಯಲ್ಲಿ ಮಾಡಿದ್ದು ಸಣ್ಣ ಸಣ್ಣದು. ದಪ್ಪ ಫೋಮ್ ಹಾಸಿಗೆ, ಅದರಿಂದ ನೀರಿನ ಬಟ್ಟಲಿನವರೆಗೆ ಜಾರದ ಮ್ಯಾಟ್, ಸೋಫಾಗೆ ಹತ್ತಲು ಒಂದು ತಗ್ಗು ಮೆಟ್ಟಿಲು. ಮೆಟ್ಟಿಲನ್ನು ಕೆಂಚಿ ಮೂಸಿ ನೋಡಿ ಬಿಟ್ಟಳು. ಅವಳಿಗೆ ಮ್ಯಾಟ್ ಇಷ್ಟವಾಯಿತು, ಎಷ್ಟು ಅಂದರೆ ಹಾಸಿಗೆ ಬಿಟ್ಟು ಅದರ ಮೇಲೇ ಮಲಗಿದಳು.

ರಾತ್ರಿ ಪದೇ ಪದೇ ಏಳುವ ನಾಯಿಯ ವಿಷಯದಲ್ಲಿ ನೀರಿನ ಬಟ್ಟಲನ್ನೂ ನೋಡಬೇಕು. ಏಳುತ್ತಿರುವುದು ಮೂತ್ರಕ್ಕಾ? ಹಾಗಿದ್ದರೆ ಕುಡಿಯುವುದು ಎಷ್ಟು? ಆರೋಗ್ಯವಾಗಿರುವ ನಾಯಿ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 50ರಿಂದ 60 ಮಿಲಿಲೀಟರ್ ಕುಡಿಯುತ್ತದೆ. ಪ್ರತಿ ಕಿಲೋಗೆ 100 ಮಿಲಿಲೀಟರ್ ದಾಟಿದರೆ ಡಾಕ್ಟರ್ ಹತ್ತಿರ ಹೋಗುವ ಸಮಯ. 10 ಕಿಲೋ ನಾಯಿ ದಿನಕ್ಕೆ ಒಂದು ಲೀಟರಿಗಿಂತ ಜಾಸ್ತಿ ಕುಡಿಯುತ್ತಿದೆ ಅಂದರೆ ಕಿಡ್ನಿ, ಸಕ್ಕರೆ ಕಾಯಿಲೆ, ಕುಶಿಂಗ್ಸ್ (ಮೈಯಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನು ಜಾಸ್ತಿಯಾಗುವ ಕಾಯಿಲೆ) ಇವೆಲ್ಲ ಸಾಲಿನಲ್ಲಿ ನಿಲ್ಲುತ್ತವೆ. ಗರ್ಭಕೋಶ ತೆಗೆಸದ ಹೆಣ್ಣುನಾಯಿ ಆದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು, ಅದು ತುರ್ತು. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವ ನಾಯಿಗಳಿಗೂ ಬಾಯಾರಿಕೆ, ಮೂತ್ರ, ಚಡಪಡಿಕೆ ಎಲ್ಲಾ ಜಾಸ್ತಿ. ಮಾತ್ರೆಯ ಹೊತ್ತು ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಕೆಲವರು ರಾತ್ರಿ ನೀರಿನ ಬಟ್ಟಲು ಎತ್ತಿಟ್ಟುಬಿಡುತ್ತಾರೆ, ತಮ್ಮ ನಿದ್ದೆ ಕೆಡಬಾರದು ಅಂತ. ದಯವಿಟ್ಟು ಬೇಡ. ಕಿಡ್ನಿ ಕೆಟ್ಟ ನಾಯಿಗೆ ನೀರು ತಪ್ಪಿಸಿದರೆ ಪರಿಸ್ಥಿತಿ ಒಂದೇ ರಾತ್ರಿಯಲ್ಲಿ ಕೈಮೀರಬಹುದು.

ಉಸಿರಾಟದ ಬಗ್ಗೆಯೂ ಸ್ವಲ್ಪ ಹೇಳಬೇಕು, ಏಕೆಂದರೆ ಮನೆಯಲ್ಲೇ ಕುಳಿತು, ಏನೂ ಖರ್ಚಿಲ್ಲದೆ ಮಾಡಬಹುದಾದ ಒಳ್ಳೆಯ ಪರೀಕ್ಷೆ ಇದು. ನಾಯಿ ಗಾಢ ನಿದ್ದೆಯಲ್ಲಿರುವಾಗ ಎದೆ ಎದ್ದು ಇಳಿಯುವುದನ್ನು ನೋಡಿ. ಎದ್ದು ಇಳಿದರೆ ಒಂದು. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿರಬೇಕು. ಕನಸು ಕಾಣುತ್ತಿರುವಾಗ, ಸೆಕೆಗೆ ಏದುಸಿರು ಬಿಡುತ್ತಿರುವಾಗ ಎಣಿಸಬೇಡಿ, ತಪ್ಪು ಲೆಕ್ಕ ಬರುತ್ತದೆ. ಮತ್ತೆ ಮತ್ತೆ ಎಣಿಸಿದರೂ 30 ದಾಟುತ್ತಿದ್ದರೆ ಫೋನ್ ಮಾಡಿ. ಸಣ್ಣ ತಳಿಯ ನಾಯಿಗಳಿಗೆ ವಯಸ್ಸಾದಂತೆ ಹೃದಯದ ಮೈಟ್ರಲ್ ಕವಾಟ ದಪ್ಪವಾಗಿ ಸೋರಲು ಶುರುವಾಗುವುದು ಬಹಳ ಸಾಮಾನ್ಯ. ಹೃದಯ ಸೋತಾಗ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕೆಮ್ಮಿಗಿಂತ ಮೊದಲೇ ನಿದ್ದೆಯ ಉಸಿರಿನ ಲೆಕ್ಕ ಏರಿರಬಹುದು. ಹೃದ್ರೋಗ ಇರುವ ನಾಯಿಯ ಮನೆಯವರು ಈ ಲೆಕ್ಕವನ್ನು ದಿನಾ ಬರೆದಿಡಬೇಕು ಅಂತ ಡಾಕ್ಟರುಗಳು ಹೇಳುವುದು ಇದಕ್ಕೇ.

ತೊಂದರೆ ಹೆಚ್ಚಾದರೆ ನಾಯಿ ಮಲಗುವುದನ್ನೇ ಬಿಡುತ್ತದೆ. ಮೊಣಕೈ ಅಗಲಿಸಿ, ಕುತ್ತಿಗೆ ಮುಂದೆ ಚಾಚಿ ಕೂತೇ ಇರುತ್ತದೆ. ತೂಕಡಿಸಿ ಬೀಳುವಂತಾಗಿ ಮತ್ತೆ ನೆಟ್ಟಗಾಗುತ್ತದೆ. ಮಲಗಿದರೆ ಉಸಿರು ಸಿಗುವುದಿಲ್ಲ ಅಂತ ಅದಕ್ಕೆ ಗೊತ್ತು. ಇದನ್ನು ಬೆಳಗಾಗಲಿ ನೋಡೋಣ ಅಂತ ಬಿಡಬಾರದು.

ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್ ಥರದ ಚಪ್ಪಟೆ ಮುಖದ ನಾಯಿಗಳು ಕೂತಲ್ಲೇ ತೂಕಡಿಸುವ, ಗಲ್ಲವನ್ನು ಯಾವುದೋ ದಿಂಬಿನ ಮೇಲೆ ಎತ್ತಿಟ್ಟು ಮಲಗುವ, ಬಾಯಲ್ಲಿ ಆಟಿಕೆ ಕಚ್ಚಿಕೊಂಡೇ ನಿದ್ದೆ ಹೋಗುವ ವಿಡಿಯೋಗಳು ಮೊಬೈಲಿನಲ್ಲಿ ಓಡಾಡುತ್ತಿರುತ್ತವೆ. ಕೆಳಗೆ ಎಲ್ಲರ ನಗು. ನನಗೆ ನಗು ಬರುವುದಿಲ್ಲ. ಬಹಳಷ್ಟು ಸಲ ಅದು ಗಂಟಲು ಮುಚ್ಚಿಕೊಳ್ಳದಂತೆ ನಾಯಿ ತಾನೇ ಕಂಡುಕೊಂಡ ಉಪಾಯ. ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆಯನ್ನು ಅಧ್ಯಯನ ಮಾಡಲು ವಿಜ್ಞಾನಿಗಳು 1980ರ ದಶಕದಲ್ಲೇ ಇಂಗ್ಲಿಷ್ ಬುಲ್‌ಡಾಗ್‌ಗಳನ್ನು ಆರಿಸಿಕೊಂಡಿದ್ದರು. ಆ ತಳಿಗೆ ಅದು ಹುಟ್ಟಿನಿಂದಲೇ ಬಂದ ಪಾಡು. ಇಂಥ ನಾಯಿಯ ಗೊರಕೆ ಮೊದಲಿಗಿಂತ ಜೋರಾದರೆ, ಗೊರಕೆಯ ನಡುವೆ ಮೌನ ಬಂದು ಬೆಚ್ಚಿ ಎದ್ದರೆ ತೋರಿಸಿ. ತೂಕ ಇಳಿಸುವುದು ಇಲ್ಲೂ ಮೊದಲ ಔಷಧಿ. ಮೂಗಿನ ಹೊಳ್ಳೆ, ಅಂಗುಳಿನ ಶಸ್ತ್ರಚಿಕಿತ್ಸೆಯಿಂದ ಕೆಲವಕ್ಕೆ ಬಹಳ ಸುಖವಾಗುತ್ತದೆ.

ಇನ್ನು ನಿಜವಾಗಿಯೂ ಜಾಸ್ತಿ ಮಲಗುವ ನಾಯಿ. ಇಲ್ಲಿ ನಾನು ಒಂದು ಸುಲಭದ ಪರೀಕ್ಷೆ ಮಾಡುತ್ತೇನೆ. ಬೆಲ್ಟು ಕೈಗೆತ್ತಿಕೊಂಡು ಅಲ್ಲಾಡಿಸುತ್ತೇನೆ. ಬೇಜಾರಿಗೆ ಮಲಗಿದ ನಾಯಿ ಆ ಸದ್ದಿಗೆ ಚಂಗನೆ ಎದ್ದು ಬಾಗಿಲಲ್ಲಿ ನಿಂತಿರುತ್ತದೆ. ಅದಕ್ಕೆ ಬೇಕಾಗಿರುವುದು ನಡಿಗೆ, ಆಟ, ಮೂಸಿ ಹುಡುಕುವ ಕೆಲಸ. ಮೊದಲು ಆ ಸದ್ದಿಗೆ ಕುಣಿಯುತ್ತಿದ್ದ ನಾಯಿ ಈಗ ಬಾಲ ಒಂದು ಸಲ ಆಡಿಸಿ ಅಲ್ಲೇ ಉಳಿದರೆ ಮಾತು ಬೇರೆ. ನಡುವಯಸ್ಸಿನ ನಾಯಿ, ತಿನ್ನುವುದು ಅಷ್ಟೇ ಇದ್ದರೂ ದಪ್ಪಗಾಗುತ್ತಿದೆ, ಬಾಲದ ಕೂದಲು ತೆಳ್ಳಗಾಗಿದೆ, ಬಿಸಿಲು ಬಿದ್ದ ಜಾಗ ಹುಡುಕಿ ಮಲಗುತ್ತಿದೆ ಅಂದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಅದು ಕಮ್ಮಿಯಾಗಿದ್ದರೆ ಜೀವನಪೂರ್ತಿ ಮಾತ್ರೆ ಬೇಕು, ಆದರೆ ಕೆಲವೇ ವಾರದಲ್ಲಿ ನಾಯಿ ಮತ್ತೆ ಗೆಲುವಾಗುತ್ತದೆ. ಇಂಥದ್ದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಬಿಟ್ಟರೆ ಎಷ್ಟು ಅನ್ಯಾಯ ನೋಡಿ.

ನಿಧಾನವಾಗಿ ಬಂದದ್ದು ಒಂದು ಥರ, ದಿಢೀರ್ ಬಂದದ್ದು ಇನ್ನೊಂದು ಥರ. ನಿನ್ನೆ ಓಡಾಡುತ್ತಿದ್ದ ನಾಯಿ ಇವತ್ತು ಮೂಲೆ ಸೇರಿ ಮಲಗಿದೆ, ಊಟ ಮುಟ್ಟುತ್ತಿಲ್ಲ ಅಂದರೆ ಜ್ವರ ನೋಡಬೇಕು. ನಾಯಿಯ ಮೈ ಶಾಖ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಮೂಗು ಮುಟ್ಟಿ ನೋಡುವುದರಿಂದ ಜ್ವರ ಗೊತ್ತಾಗುವುದಿಲ್ಲ. ಉಣ್ಣಿ (ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳ) ಕಚ್ಚಿ ಬರುವ ಜ್ವರಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ, ಬರೀ ಮಂಕು. ಮೈಯಲ್ಲಿ ಉಣ್ಣಿ ಕಾಣದಿದ್ದರೂ ರಕ್ತ ಪರೀಕ್ಷೆ ಬೇಕಾಗಬಹುದು, ಏಕೆಂದರೆ ಅದು ಕಚ್ಚಿ ಉದುರಿ ಎಷ್ಟೋ ದಿನವಾಗಿರುತ್ತದೆ.

ತುರಿಕೆಗೆ ನಿದ್ದೆಗೆಡುವ ನಾಯಿಗಳೂ ಬಹಳ. ರಾತ್ರಿ ಕೆರೆಯುವ, ನೆಕ್ಕುವ, ಕಿವಿ ಝಾಡಿಸುವ ಸದ್ದು ಕೇಳಿಸುತ್ತದೆಯಾದ್ದರಿಂದ ಅದನ್ನು ಕಂಡುಹಿಡಿಯುವುದು ಸುಲಭ.

ಹೊಟ್ಟೆಯ ನೋವು ಕಂಡುಹಿಡಿಯಲು ಕಷ್ಟ. ಮುಂಗಾಲು ಚಾಚಿ ಎದೆ ನೆಲಕ್ಕೆ ತಾಗಿಸಿ ಹಿಂಭಾಗ ಮೇಲೆತ್ತುವ ಭಂಗಿಯನ್ನು ನಾಯಿ ಮೈ ಮುರಿಯುವಾಗಲೂ ಮಾಡುತ್ತದೆ, ಆಟಕ್ಕೆ ಕರೆಯುವಾಗಲೂ ಮಾಡುತ್ತದೆ. ಆದರೆ ಆ ಭಂಗಿಯಲ್ಲೇ ನಿಂತುಬಿಟ್ಟರೆ, ಮಲಗಲು ಹೋಗಿ ಮತ್ತೆ ಮತ್ತೆ ಹಾಗೇ ಮಾಡಿದರೆ ಅದು ಹೊಟ್ಟೆನೋವು. ಎದೆ ಆಳವಾಗಿರುವ ದೊಡ್ಡ ನಾಯಿ, ಹೊಟ್ಟೆ ಉಬ್ಬಿದೆ, ವಾಂತಿಗೆ ಒದ್ದಾಡುತ್ತಿದೆ ಆದರೆ ಏನೂ ಬರುತ್ತಿಲ್ಲ, ಒಂದು ಕಡೆ ನಿಲ್ಲುತ್ತಿಲ್ಲ ಅಂದರೆ ಹೊಟ್ಟೆ ತಿರುಚಿಕೊಂಡಿರಬಹುದು. ಈ ಬರಹ ಅಲ್ಲೇ ಬಿಟ್ಟು ಆಸ್ಪತ್ರೆಗೆ ಓಡಿ. ಗಂಟೆಗಳ ಲೆಕ್ಕದಲ್ಲಿ ಜೀವ ಹೋಗುತ್ತದೆ.

ನಿದ್ದೆಯಲ್ಲಿ ಕಾಲು ಅದುರುವುದನ್ನು ನೋಡಿ ಫಿಟ್ಸ್ ಅಂತ ಹೆದರುವವರೂ ಇದ್ದಾರೆ, ಫಿಟ್ಸನ್ನು ಕನಸು ಅಂತ ಬಿಡುವವರೂ ಇದ್ದಾರೆ. ಕನಸಿನಲ್ಲಿ ಅದುರು ಬಿಟ್ಟು ಬಿಟ್ಟು ಬರುತ್ತದೆ, ಮೈ ಸಡಿಲವಾಗಿರುತ್ತದೆ, ಹೆಸರು ಕರೆದರೆ ಏಳುತ್ತದೆ. ಫಿಟ್ಸ್ ಬಂದಾಗ ಕಾಲು ಸೆಟೆದುಕೊಳ್ಳುತ್ತವೆ, ಕರೆದರೆ ಏಳುವುದಿಲ್ಲ, ಮೂತ್ರ ಹೋಗಬಹುದು, ಆಮೇಲೆ ಸ್ವಲ್ಪ ಹೊತ್ತು ಮನೆಯವರ ಗುರುತೇ ಇಲ್ಲದ ಹಾಗೆ ಓಡಾಡುತ್ತದೆ. ಐದು ನಿಮಿಷ ದಾಟಿದ ಫಿಟ್ಸ್ ತುರ್ತು ಪರಿಸ್ಥಿತಿ. ಇನ್ನೊಂದು ಅಪರೂಪದ ಕಾಯಿಲೆ ಇದೆ, ಎಚ್ಚರವಿದ್ದಾಗಲೇ ಇದ್ದಕ್ಕಿದ್ದಂತೆ ನಿದ್ದೆ ಆವರಿಸುವ ನಾರ್ಕೊಲೆಪ್ಸಿ. ಊಟ ಕಂಡ ಖುಷಿಗೇ ನಾಯಿ ಕುಸಿದು ಬೀಳುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅಂಥ ಡಾಬರ್‌ಮನ್ ನಾಯಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 1999ರಲ್ಲಿ ಅದರ ಜೀನ್ ಕಂಡುಹಿಡಿದರು. ಮನುಷ್ಯರ ನಾರ್ಕೊಲೆಪ್ಸಿ ಅರ್ಥವಾಗಲು ಆ ನಾಯಿಗಳಿಂದ ದೊಡ್ಡ ಸಹಾಯವಾಯಿತು.

ಈಗ ನಿಜವಾದ ಮುಪ್ಪಿಗೆ ಬರೋಣ. ಮುಪ್ಪಿನಲ್ಲಿ ನಿದ್ದೆ ಬದಲಾಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕಿವಿ ಮಂದವಾಗುತ್ತದೆ, ಹಾಗಾಗಿ ನಾಯಿ ಗಡದ್ದಾಗಿ ಮಲಗುತ್ತದೆ. ಗೇಟಿನ ಸದ್ದಿಗೆ ಓಡಿ ಬರುತ್ತಿದ್ದ ನಾಯಿ ನೀವು ಪಕ್ಕಕ್ಕೆ ಬಂದು ನಿಂತರೂ ಏಳದಿದ್ದರೆ ಮೊದಲು ಕಿವಿಯ ಬಗ್ಗೆ ಯೋಚಿಸಿ. ಅಂಥ ನಾಯಿಯನ್ನು ಮೈ ತಟ್ಟಿ ಎಬ್ಬಿಸಬೇಡಿ, ಬೆಚ್ಚಿ ಕಚ್ಚಬಹುದು. ಕೈಯನ್ನು ಮೂಗಿನ ಹತ್ತಿರ ಹಿಡಿಯಿರಿ, ವಾಸನೆಗೆ ತಾನಾಗಿ ಏಳುತ್ತದೆ. ಮನೆಯ ಮಕ್ಕಳಿಗೆ ಇದನ್ನು ಮೊದಲು ಹೇಳಿಕೊಡಬೇಕು.

ಇನ್ನು ಮಿದುಳಿನ ಮುಪ್ಪು. ಮನುಷ್ಯರ ಮರೆವಿನ ಕಾಯಿಲೆಗೆ ಹತ್ತಿರದ್ದು ನಾಯಿಗಳಿಗೂ ಬರುತ್ತದೆ, ಅದೇ ಥರ ಬೀಟಾ ಅಮೈಲಾಯ್ಡ್ ಅನ್ನುವ ಪ್ರೋಟೀನ್ ಮಿದುಳಿನಲ್ಲಿ ಕೂಡಿಕೊಳ್ಳುತ್ತದೆ. 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 11ರಿಂದ 12 ವರ್ಷದ ನಾಯಿಗಳಲ್ಲಿ 28 ಶೇಕಡಾ, 15ರಿಂದ 16 ವರ್ಷದ ನಾಯಿಗಳಲ್ಲಿ 68 ಶೇಕಡಾ ನಾಯಿಗಳಿಗೆ ಇದರ ಒಂದಾದರೂ ಲಕ್ಷಣ ಇತ್ತು. ಹಗಲು ರಾತ್ರಿ ಅದಲು ಬದಲಾಗುವುದು ಆ ಲಕ್ಷಣಗಳಲ್ಲಿ ಮುಖ್ಯವಾದದ್ದು. ಹಗಲೆಲ್ಲ ಮಲಗುತ್ತದೆ. ಸಂಜೆಯಾದಂತೆ ಚಡಪಡಿಕೆ ಶುರು. ರಾತ್ರಿ ಮನೆ ತುಂಬ ಓಡಾಟ, ಗೋಡೆ ನೋಡುತ್ತಾ ನಿಲ್ಲುವುದು, ಬಾಗಿಲಿನ ಕೀಲು ಇರುವ ಕಡೆ ಹೋಗಿ ತೆರೆಯಲು ಕಾಯುವುದು, ಕಾರಣವಿಲ್ಲದೆ ಬೊಗಳುವುದು, ಮನೆಯೊಳಗೇ ಮೂತ್ರ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು ಇಂಥ ನಾಯಿಗಳ ಮಿದುಳಿನ ಅಲೆ ಅಳೆದು 2023ರಲ್ಲಿ ಪ್ರಕಟಿಸಿದರು. ಮರೆವು ಹೆಚ್ಚಿದ ನಾಯಿಗಳಿಗೆ ಗಾಢ ನಿದ್ದೆಯೂ ಕಮ್ಮಿ, ರೆಮ್ ನಿದ್ದೆಯೂ ಕಮ್ಮಿ ಅಂತ ಅದರಲ್ಲಿ ಕಂಡಿತು. ಹಗಲು ಮಲಗಿರುವುದು ಕಂಡು ನಾವು ಸಮಾಧಾನಪಡುತ್ತೇವೆ, ಒಳಗೆ ಮಿದುಳಿಗೆ ವಿಶ್ರಾಂತಿಯೇ ಸಿಗುತ್ತಿರುವುದಿಲ್ಲ.

ಇದನ್ನು ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಆದರೆ ಸುಮ್ನೆ ಕೂರಬೇಕಾಗಿಯೂ ಇಲ್ಲ. ಸೆಲೆಜಿಲಿನ್ ಅನ್ನುವ ಔಷಧಿಗೆ ಅಮೆರಿಕದಲ್ಲಿ 1998ರಲ್ಲೇ ಒಪ್ಪಿಗೆ ಸಿಕ್ಕಿದೆ, ಕೆಲವು ನಾಯಿಗಳಿಗೆ ಗುಣ ಕಾಣುತ್ತದೆ. ಮಿದುಳಿಗೆಂದೇ ತಯಾರಿಸಿದ ಆಹಾರ ಇದೆ. ಹಗಲು ಬಿಸಿಲಿನಲ್ಲಿ ಸ್ವಲ್ಪ ನಡಿಗೆ, ಮೂಸಿ ಹುಡುಕುವ ಆಟ, ಸಂಜೆ ಮತ್ತೊಮ್ಮೆ ಹೊರಗೆ ಕರೆದೊಯ್ಯುವುದು, ರಾತ್ರಿ ಸಣ್ಣ ದೀಪ, ಪೀಠೋಪಕರಣ ಇದ್ದಲ್ಲೇ ಇಡುವುದು, ಇವುಗಳಿಂದ ರಾತ್ರಿಗಳು ಎಷ್ಟೋ ಸುಧಾರಿಸುತ್ತವೆ. ಮತ್ತೆ, ಮರೆವು ಅಂತ ಹಣೆಪಟ್ಟಿ ಹಚ್ಚುವ ಮುಂಚೆ ನೋವು, ರಕ್ತದೊತ್ತಡ, ಮೂತ್ರ, ಕಣ್ಣು ಎಲ್ಲಾ ಪರೀಕ್ಷೆ ಆಗಬೇಕು. ರಾತ್ರಿ ಓಡಾಡುವ ಮುದಿ ನಾಯಿಯ ತೊಂದರೆ ಮಿದುಳಿನಲ್ಲಿರದೆ ಸೊಂಟದಲ್ಲಿರುವುದು ಅಪರೂಪವೇನಲ್ಲ. ಎಷ್ಟೋ ಸಲ ಎರಡೂ ಒಟ್ಟಿಗೆ ಇರುತ್ತವೆ.

ಮೈಗೆ ಏನೂ ಆಗದೆ ಮನಸ್ಸಿಗೆ ಆಗಿರುವುದೂ ಉಂಟು. ಮನೆ ಬದಲಾಯಿಸಿದಾಗ, ಮಗು ಹುಟ್ಟಿದಾಗ, ಪಟಾಕಿ ಗುಡುಗುಗಳ ದಿನಗಳಲ್ಲಿ ನಿದ್ದೆ ಏರುಪೇರಾಗುತ್ತದೆ. ಜೊತೆಗಿದ್ದ ನಾಯಿ ಸತ್ತಾಗ ಉಳಿದ ನಾಯಿಗೆ ಏನಾಗುತ್ತದೆ ಅಂತ ಇಟಲಿಯಲ್ಲಿ 426 ಮಾಲೀಕರನ್ನು ಕೇಳಿ ಮಾಡಿದ ಅಧ್ಯಯನ 2022ರಲ್ಲಿ ಬಂತು. ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು ಜನ ತಮ್ಮ ನಾಯಿ ಮೊದಲಿಗಿಂತ ಜಾಸ್ತಿ ಮಲಗುತ್ತಿದೆ ಅಂದರು. ಅದನ್ನು ದುಃಖ ಅನ್ನಬೇಕೋ ಬೇರೇನು ಅನ್ನಬೇಕೋ, ಸಂಶೋಧಕರು ಎಚ್ಚರಿಕೆಯಿಂದ ಬರೆದಿದ್ದಾರೆ. ನಾನಂತೂ ದುಃಖ ಅನ್ನಲು ಹಿಂಜರಿಯುವುದಿಲ್ಲ. ಆದರೂ ಒಂದು ವಾರದಲ್ಲಿ ಊಟ ಸರಿಹೋಗದಿದ್ದರೆ ಪರೀಕ್ಷೆ ಮಾಡಿಸಿ. ಒಂದೇ ಮನೆಯಲ್ಲಿದ್ದ ನಾಯಿಗಳಿಗೆ ಒಂದೇ ಸೋಂಕು ತಗುಲಿರಲೂಬಹುದು.

ಮರಿಗಳ ಕಥೆ ಉಲ್ಟಾ. ಸಂಜೆ ಹುಚ್ಚು ಹಿಡಿದಂತೆ ಓಡುವ, ಕಂಡಿದ್ದೆಲ್ಲ ಕಚ್ಚುವ ಮರಿಗೆ ಇನ್ನಷ್ಟು ಆಟ ಆಡಿಸಿ ಸುಸ್ತು ಮಾಡುತ್ತೇವೆ ಅಂತ ಹೊರಡುತ್ತಾರೆ. ಬಹಳ ಸಲ ಅದಕ್ಕೆ ಬೇಕಿರುವುದು ಕತ್ತಲೆ ಕೋಣೆ ಮತ್ತು ಯಾರೂ ಮುಟ್ಟದ ಎರಡು ಗಂಟೆ.

ಡಾಕ್ಟರ್ ಹತ್ತಿರ ಹೋಗುವಾಗ "ಯಾಕೋ ಸರಿಯಾಗಿ ಮಲಗ್ತಿಲ್ಲ" ಅಂದರೆ ಅವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಒಂದು ವಾರ ಬರೆದಿಟ್ಟುಕೊಳ್ಳಿ: ಎಷ್ಟು ಹೊತ್ತಿಗೆ ಎದ್ದಿತು, ಎದ್ದು ಏನು ಮಾಡಿತು, ಎಷ್ಟು ನೀರು ಕುಡಿಯಿತು, ನಿದ್ದೆಯಲ್ಲಿ ಉಸಿರು ಎಷ್ಟು, ಹೊಸ ಮಾತ್ರೆ ಯಾವುದಾದರೂ ಶುರುವಾಯಿತಾ. ಹಳೆ ಮೊಬೈಲ್ ಒಂದನ್ನು ರಾತ್ರಿ ಹಾಸಿಗೆಯ ಕಡೆ ತಿರುಗಿಸಿ ವಿಡಿಯೋಗೆ ಇಟ್ಟರೆ ನೀವು ನಿದ್ದೆಗೆಡಬೇಕಾಗಿಲ್ಲ. ಹಾಗೇ, ಹೋಗುವ ದಿನ ಬೆಳಗ್ಗೆ ಮೊದಲ ಸಲ ಹೊರಗೆ ಬಿಟ್ಟಾಗ ಮೂತ್ರವನ್ನು ಒಂದು ಶುಭ್ರವಾದ ಡಬ್ಬಿಯಲ್ಲಿ ಹಿಡಿದುಕೊಂಡು ಹೋಗಿ. ರಾತ್ರಿಯಿಡೀ ಒಳಗಿದ್ದ ಮೂತ್ರ ಎಷ್ಟು ಗಟ್ಟಿಯಿದೆ ಅನ್ನುವುದರಿಂದಲೇ ಕಿಡ್ನಿಯ ಬಗ್ಗೆ ಬಹಳ ತಿಳಿಯುತ್ತದೆ. ಹಿಡಿಯಲು ಉದ್ದ ಹಿಡಿಯ ಸೌಟು ಅನುಕೂಲ. ಆಮೇಲೆ ಅದನ್ನು ಅಡುಗೆಮನೆಗೆ ವಾಪಸ್ ತರಬೇಡಿ, ಮನೆಯವರು ಬೈಯ್ಯುತ್ತಾರೆ.